ಹೃದಯಸ್ಪಂದನವೂ ಧ್ಯಾನವೂ

ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿಯನ್ನು ಎಣಿಸುವವನಿಗೆ ಹೃದಯವು ಗಡಿಯಾರದಂತೆ ಸಮನಾಗಿ ಮಿಡಿಯುತ್ತಿರುವಂತೆ ತೋರುತ್ತದೆ. ವಾಸ್ತವದಲ್ಲಿ ಎರಡು ಮಿಡಿತಗಳ ನಡುವಣ ಅವಧಿಯು ಸದಾ ಬದಲಾಗುತ್ತಿರುತ್ತದೆ. ಉಸಿರನ್ನು ಒಳಗೆಳೆದಾಗ ಅದು ಕುಗ್ಗುತ್ತದೆ, ಹೊರಬಿಟ್ಟಾಗ ಹಿಗ್ಗುತ್ತದೆ. ಆರೋಗ್ಯವಂತ ಹೃದಯದ ಲಕ್ಷಣವೇ ಈ ಏರಿಳಿತ.

ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂಬ ನಂಬಿಕೆ ಬಹುಕಾಲದಿಂದ ಪ್ರಚಲಿತವಾಗಿತ್ತು. ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು ಭಾರತದಲ್ಲಿ ನಾಲ್ವರು ಸಾಧಕರನ್ನು ಪರೀಕ್ಷಿಸಿ, 1961ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂವರಲ್ಲಿ ಉಸಿರು ಹಿಡಿದು ಸ್ನಾಯುಗಳನ್ನು ಬಿಗಿದಾಗ ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಾಯಿತು. ಆದರೆ ವಿದ್ಯುತ್ ಹೃದಯಲೇಖವು ಹೃದಯ ಮಿಡಿಯುತ್ತಲೇ ಇದ್ದುದನ್ನು ತೋರಿಸಿತು. ನಾಲ್ಕನೆಯವನು ಹೃದಯದ ಗತಿಯನ್ನು ಗಮನಾರ್ಹವಾಗಿ ತಗ್ಗಿಸಿದನು.

1995ರಲ್ಲಿ ಬೆಂಗಳೂರಿನ ವಿವೇಕಾನಂದ ಕೇಂದ್ರ ಯೋಗ ಸಂಶೋಧನಾ ಪ್ರತಿಷ್ಠಾನದ ಶಿರ್ಲೆ ಟೆಲ್ಲಿಸ್, ನಾಗರತ್ನ ಮತ್ತು ನಾಗೇಂದ್ರ ಅವರು 7 ಮಂದಿ ಅನುಭವಿ ಸಾಧಕರನ್ನು ಅಭ್ಯಸಿಸಿದರು. ಮನಸ್ಸಿನಲ್ಲಿಯೇ ಓಂಕಾರವನ್ನು ಜಪಿಸುವಾಗ ಅವರ ಹೃದಯಗತಿ ಇಳಿಯಿತು. ಮನಸ್ಸು ಮಾತ್ರ ಜಾಗೃತವಾಗಿತ್ತೆಂದು ಸಂಶೋಧಕರು ಅರ್ಥೈಸಿದರು. 1999ರಲ್ಲಿ ಪೆಂಗ್ ಮತ್ತು ಸಂಗಡಿಗರು ಚೀನೀ ಹಾಗೂ ಕುಂಡಲಿನೀ ಧ್ಯಾನಗಳಲ್ಲಿ ನಿಧಾನದ ಉಸಿರಿನೊಡನೆ ಹೃದಯಗತಿಯು ದೊಡ್ಡ ಅಲೆಗಳಾಗಿ ಏರಿಳಿಯುವುದನ್ನು ಕಂಡರು. ಧ್ಯಾನವೆಂದರೆ ಕೇವಲ ನಿಶ್ಚಲತೆಯಲ್ಲವೆಂದು ಇದರಿಂದ ತಿಳಿದುಬಂದಿತು.

ಈ ಅಲೆಗಳನ್ನು ಅಳೆಯಲು 2008ರಲ್ಲಿ ಲಕಾಸಾ ಮತ್ತು ಸಂಗಡಿಗರು ರೂಪಿಸಿದ ‘ದೃಷ್ಟಿಗೋಚರ ಜಾಲ’ವೆಂಬ ವಿಧಾನವು ನೆರವಾಯಿತು. ಶಿರಸಿ ಸೀಮೆಯ ವಾನಳ್ಳಿಯ ವಿದ್ಯಾರ್ಥಿಗೆ ಇದನ್ನು ಅಡಿಕೆ ತೋಟದಲ್ಲಿಯೇ ವಿವರಿಸಬಹುದು. ಒಂದೊಂದು ಮಿಡಿತದ ಅವಧಿಯನ್ನೂ ಒಂದೊಂದು ಮರದ ಎತ್ತರವೆಂದು ಭಾವಿಸಿ, ಸಮಾನ ಅಂತರದಲ್ಲಿ ಸಾಲಾಗಿ ನಿಲ್ಲಿಸಬೇಕು. ಕೊನೆಗೌಡನು ಒಂದು ಮರದ ತುದಿಯಿಂದ ನೋಡಿದಾಗ, ನಡುವಿನ ಮರಗಳು ಅಡ್ಡಬಾರದೆ ಯಾವ ಮರದ ತುದಿ ಕಾಣುವುದೋ ಅದಕ್ಕೆ ಒಂದು ಗೆರೆ ಎಳೆಯಬೇಕು. 30, 20, 40 ಅಡಿಯ ಮರಗಳಲ್ಲಿ ಮೊದಲನೆಯದಕ್ಕೆ ಮೂರನೆಯದು ಕಾಣುತ್ತದೆ; ನಡುವಿನದು 45 ಅಡಿಯಾದರೆ ಕಾಣದು. ಹೀಗೆ ಹೆಣೆದ ಬಲೆಯಲ್ಲಿ ಯಾವ ಮರಕ್ಕೆ ಎಷ್ಟು ಗೆರೆಗಳೆಂದು ಎಣಿಸಿದರೆ ಮಿಡಿತದ ಲಯವು ಅಂಕಿಗಳಲ್ಲಿ ಮೂಡುತ್ತದೆ. 2013ರಲ್ಲಿ ಜಿಯಾಂಗ್ ಮತ್ತು ಸಂಗಡಿಗರು ಇದೇ ವಿಧಾನದಿಂದ, ಧ್ಯಾನಕಾಲದಲ್ಲಿ ಮಿಡಿತವು ಹೆಚ್ಚು ಕ್ರಮಬದ್ಧವಾಗುವುದನ್ನು ತೋರಿಸಿದರು.

ಆದರೆ ಇಲ್ಲಿ ಎಚ್ಚರ ಅಗತ್ಯ. ಪೆಂಗ್ ಅವರ ಅಧ್ಯಯನದಲ್ಲಿ ಇದ್ದವರು ಕೇವಲ 12 ಮಂದಿ ಸಾಧಕರು. ಕಂಡ ಬದಲಾವಣೆಯಲ್ಲಿ ಉಸಿರಿನ ಪಾಲೆಷ್ಟು, ಏಕಾಗ್ರತೆಯ ಪಾಲೆಷ್ಟು ಎಂಬುದನ್ನು ಬಲೆಯೊಂದೇ ಬೇರ್ಪಡಿಸಿ ಹೇಳಲಾರದು. ಯಂತ್ರವು ಅಳೆಯುವುದು ಮಿಡಿತವನ್ನೇ ಹೊರತು ಅನುಭಾವವನ್ನಲ್ಲ. ಶ್ರದ್ಧೆಯ ಹೆಸರಿನಲ್ಲಿ ಅಳತೆಯನ್ನು ಉಬ್ಬಿಸದೆ, ಅಳತೆಯ ಹೆಸರಿನಲ್ಲಿ ಸಾಧನೆಯನ್ನು ಹಳಿಯದೆ ಇರುವ ವಿವೇಕವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದೇ ವಿದ್ಯಾಲಯದ ಕಾರ್ಯ.