ಹಾವಿಗಿಂತ ಮೊದಲು ಮುಚ್ಚಳ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಮಿಲ್ಕ್ ಸ್ನೇಕ್ ಬೇಕೆಂದು ಹಟ ಹಿಡಿದರೆ ಹೌಹಾರಬೇಡಿ. ಇದಕ್ಕೆ ವಿಷವಿಲ್ಲ, ಹೊಸಬರೂ ಸಾಕಬಹುದು. ಆದರೆ 15–20 ವರ್ಷ ಬದುಕುವ ಜೀವ. ಮಕ್ಕಳು ಕಾಲೇಜಿಗೆ ಹೋದ ಮೇಲೆ ನೋಡಿಕೊಳ್ಳಬೇಕಾದವರು ನೀವೇ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಕೊಳ್ಳಿ, ನಿಮ್ಮ ರಾಜ್ಯದ ಕಾನೂನನ್ನು ಮೊದಲೇ ವಿಚಾರಿಸಿ. (ಊರಲ್ಲಿರುವವರು ಇದನ್ನು ನೋಡಿ ಕೇರೆಹಾವು ಹಿಡಿದು ತರಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.)

ಮರಿ ಪೆನ್ಸಿಲ್‌ನಷ್ಟು ಸಪೂರ. ತಲೆ ತೂರುವಷ್ಟು ಸಂದಿ ಸಿಕ್ಕರೆ ಸಾಕು, ಮೈಯೆಲ್ಲ ಹೊರಗೆ. ಹಾವನ್ನಿಡುವ ತೊಟ್ಟಿಯಲ್ಲಿ ವೈರ್ ಹೋಗುವ ತೂತು, ಜಾರುಗಾಜಿನ ಅಂಚು, ಸಡಿಲ ಮುಚ್ಚಳ ಎಲ್ಲವನ್ನೂ ಬೆರಳಾಡಿಸಿ ನೋಡಿ, ಕ್ಲಿಪ್ ಹಾಕಿ. ಹಾವು ತರುವುದು ಆಮೇಲೆ.

ತೊಟ್ಟಿಯ ಒಂದು ಬದಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಲಿ, ಇನ್ನೊಂದು ಬದಿ 24ರ ಆಸುಪಾಸು. ಎರಡೂ ಕಡೆ ಅವಿತುಕೊಳ್ಳಲು ಜಾಗ ಬೇಕು. ಥರ್ಮೋಸ್ಟಾಟ್ ಇಲ್ಲದ ಹೀಟರ್ ಖಂಡಿತ ಬೇಡ, ಹೊಟ್ಟೆ ಸುಟ್ಟೀತು.

ಹಾಲಿಡಬೇಡಿ, ನೀರು ಮತ್ತು ಇಲಿ ಸಾಕು. ಫ್ರೀಜರ್‌ನ ಇಲಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ ಕೊಡಿ. ಹಾವಿನ ನಡುವಿಗಿಂತ ದಪ್ಪದ್ದು ಬೇಡ. ತಿಂದ ಮೇಲೆ ಎರಡು ದಿನದೊಳಗೆ ಎತ್ತಿಕೊಂಡರೆ ಕಕ್ಕಿಬಿಡಬಹುದು. ಜೊತೆಗಿರಲೆಂದು ಇನ್ನೊಂದು ಹಾವನ್ನು ಬಿಡಲೇಬೇಡಿ, ಇವು ಹಾವನ್ನೂ ತಿನ್ನುತ್ತವೆ.

ಕಣ್ಣು ಮಂಜಾಗಿ ನೀಲಿಗಟ್ಟಿದರೆ ಪೊರೆ ಬಿಡಲಿದೆ ಎಂದರ್ಥ. ಒದ್ದೆ ಪಾಚಿಯ ಡಬ್ಬಿಯಿಟ್ಟು ಅದರ ಪಾಡಿಗೆ ಬಿಡಿ. ಮುಟ್ಟಿದಾಗಲೆಲ್ಲ ಮಕ್ಕಳ ಕೈಯನ್ನು ಸೋಪು ಹಾಕಿ ತೊಳೆಸಿ, ಸಾಲ್ಮೊನೆಲ್ಲಾ ಹರಡಬಹುದು.