ಅನಾಥ ಪ್ಯಾಕೇಜನ್ನು ಕೈಗೆತ್ತಿಕೊಳ್ಳುವ ಮುನ್ನ

ವಿಶ್ವೇಶ್ವರಯ್ಯ ನಾಲೆಯಲ್ಲಿ ಹೂಳು ತುಂಬಿದರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆಗೆ ನೀರು ಬರೋಲ್ಲ. ಮಂಡ್ಯದವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಕ್ತ ತಂತ್ರಾಂಶದಲ್ಲೂ ಹಾಗೇ. ಮೂಲ ಕೋಡ್ ಬರೆಯುವವರು ಅಪ್‌ಸ್ಟ್ರೀಮ್. ಅದನ್ನು ಪ್ಯಾಕೇಜ್ ಮಾಡಿ ನಮ್ಮ ಲ್ಯಾಪ್‌ಟಾಪ್‌ವರೆಗೆ ಹರಿಸುವವರು ಮೇಂಟೇನರ್. ಇವರು ಬಿಟ್ಟುಹೋದರೆ, ಮೇಲೆ ಹೊಸ ಆವೃತ್ತಿ ಬಂದಿದ್ದರೂ ನಮಗೆ ಸಿಗೋದು ಹಳೆಯದೇ.

ನಮ್ಮ ಗುಬ್ಬಿ, ನವಿಲು ಫಾಂಟ್‌ಗಳೂ ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿಯೇ ಬರುತ್ತವೆ. ಮೇಂಟೇನರ್ ಕೈಬಿಟ್ಟ ಪ್ಯಾಕೇಜನ್ನು ಅಲ್ಲಿ 'ಅನಾಥ' ಎಂದು ದಾಖಲಿಸುತ್ತಾರೆ. ಯಾರು ಬೇಕಾದರೂ ದತ್ತು ತೆಗೆದುಕೊಳ್ಳಲು ಮುಂದೆ ಬರಬಹುದು.

ಆದರೆ ಮೊದಲು ಅದು ನಿಜಕ್ಕೂ ಹಳೆಯದಾಗಿದೆಯೇ ನೋಡೋಣ. ಐದು ವರ್ಷದಿಂದ ಬದಲಾಗದ ಫಾಂಟ್ ಸತ್ತಿದೆ ಅಂತಲ್ಲ, ಕೆಲಸ ಮುಗಿದಿರಬಹುದು ಅಷ್ಟೇ! ಯುಸ್ಕ್ಯಾನ್ ಓಡಿಸಿದರೆ ಅಪ್‌ಸ್ಟ್ರೀಮ್‌ನಲ್ಲಿ ಹೊಸದಿದೆಯೋ ಇಲ್ಲವೋ ಗೊತ್ತಾಗುತ್ತೆ. ಇದ್ದರೆ ಬಿಲ್ಡ್ ಮಾಡಿ, ಅದನ್ನೇ ನಂಬಿರುವ ಬೇರೆ ಪ್ಯಾಕೇಜ್‌ಗಳು ಮುರಿಯುತ್ತವೆಯೇ ಪರೀಕ್ಷಿಸಿ, ಬಗ್ ವರದಿಗೆ ಪ್ಯಾಚ್ ಲಗತ್ತಿಸಬೇಕು. ಬರೀ ದೂರು ಸಾಲದು. ಹೊಸಬರ ಕೆಲಸವನ್ನು ಡೆಬಿಯನ್ ಡೆವಲಪರ್ ಒಬ್ಬರು ಪರಿಶೀಲಿಸಿಯೇ ಅಪ್‌ಲೋಡ್ ಮಾಡೋದು.

ಇದು ಕಿರಿಕಿರಿ ಅನ್ನಿಸಿದರೆ ಎಕ್ಸ್‌ಝಡ್ ಕಥೆ ಕೇಳಿ. ದಣಿದಿದ್ದ ಮೇಂಟೇನರ್‌ಗೆ ನೆರವಾಗುತ್ತಾ ವರ್ಷಗಟ್ಟಲೆ ನಂಬಿಕೆ ಗಳಿಸಿದ 'ಜಿಯಾ ಟಾನ್' ಎಂಬ ಖಾತೆ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿತ್ತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಗಮನಿಸಿ ಆಂಡ್ರೆಸ್ ಫ್ರಾಯಿಂಡ್ 2024ರ ಮಾರ್ಚ್‌ನಲ್ಲಿ ಅದನ್ನು ಪತ್ತೆಹಚ್ಚಿದರು. ತಮಾಷೆ ಏನಂದ್ರೆ, ಡೆಬಿಯನ್ 12ರಲ್ಲಿ ಇದ್ದದ್ದು ಹಳೆಯ 5.4.1, ಅದನ್ನು ಬಳಸುತ್ತಿದ್ದವರು ಬಚಾವಾದರು.