ಆರೋಪಿಯೇ ಬೇರೆ, ಅಪರಾಧಿಯೇ ಬೇರೆ: ಕೋರ್ಟಿನ ಇಂಗ್ಲಿಷ್ ಪದಗಳು

ಪೇಪರ್‌ನಲ್ಲಿ, ಟಿವಿಯಲ್ಲಿ ದಿನವೂ ಪೊಲೀಸ್, ಕೋರ್ಟು, ಜೈಲಿನ ಸುದ್ದಿ ಇರುತ್ತದೆ. ಅರೆಸ್ಟ್, ಬೇಲ್, ಚಾರ್ಜ್‌ಶೀಟ್ ಎಂಬ ಪದಗಳು ಇಂಗ್ಲಿಷ್ ಬಾರದವರ ಬಾಯಲ್ಲೂ ಇವೆ. ಆದರೆ ಯಾವ ಪದವನ್ನು ಯಾವಾಗ ಬಳಸಬೇಕು ಎಂದು ಕೇಳಿದರೆ ನಮ್ಮಲ್ಲಿ ಹಲವರು ತಡವರಿಸುತ್ತೇವೆ. ಇಲ್ಲಿ ತಪ್ಪಿದರೆ ಪರೀಕ್ಷೆಯ ಒಂದು ಅಂಕದ ಜೊತೆಗೆ ಒಬ್ಬ ಮನುಷ್ಯನ ಮರ್ಯಾದೆಯೂ ಹೋಗಬಹುದು. ಅದಕ್ಕೇ ಈ ಪಾಠ.

ಒಂದೇ ವ್ಯಕ್ತಿ, ನಾಲ್ಕು ಹೆಸರು

ಕೇಸು ಮುಂದೆ ಹೋದಂತೆ ಅದೇ ವ್ಯಕ್ತಿಯನ್ನು ಕರೆಯುವ ಪದ ಬದಲಾಗುತ್ತದೆ.

1. ಸಸ್ಪೆಕ್ಟ್: ಶಂಕಿತ. ಪೊಲೀಸರಿಗೆ ಅನುಮಾನ ಇದೆ, ಅಷ್ಟೆ.
2. ಅಕ್ಯೂಸ್ಡ್: ಆರೋಪಿ. ಇವನ ಮೇಲೆ ಆರೋಪ ಬಂದಿದೆ, ಇನ್ನೂ ಸಾಬೀತಾಗಿಲ್ಲ.
3. ಅಂಡರ್‌ಟ್ರಯಲ್: ವಿಚಾರಣಾಧೀನ ಕೈದಿ. ತೀರ್ಪು ಬಂದಿಲ್ಲ, ಆದರೂ ಜೈಲಿನಲ್ಲಿದ್ದಾನೆ.
4. ಕನ್ವಿಕ್ಟ್: ಅಪರಾಧಿ. ಕೋರ್ಟು ವಿಚಾರಣೆ ನಡೆಸಿ, ತಪ್ಪಿತಸ್ಥ ಎಂದು ತೀರ್ಪು ಕೊಟ್ಟಿದೆ.

ಆರೋಪ ಸಾಬೀತಾಗದಿದ್ದರೆ ಅವನು ‘ಅಕ್ವಿಟೆಡ್’, ಅಂದರೆ ಖುಲಾಸೆ.

2022ರ ಅಂಕಿಅಂಶದ ಪ್ರಕಾರ ಭಾರತದ ಜೈಲುಗಳಲ್ಲಿದ್ದ ನೂರು ಮಂದಿಯಲ್ಲಿ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರು. ಆದ್ದರಿಂದ ಜೈಲಿನಲ್ಲಿದ್ದಾನೆ ಎಂದ ಮಾತ್ರಕ್ಕೆ ಒಬ್ಬನನ್ನು ಕನ್ವಿಕ್ಟ್ ಎಂದು ಬರೆದರೆ ಇಂಗ್ಲಿಷೂ ತಪ್ಪು, ನ್ಯಾಯವೂ ತಪ್ಪು.

ಜೊತೆಗೆ ಬರುವ ಸಣ್ಣ ಪದಗಳು

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಪ್ರಿಪೊಸಿಷನ್‌ಗಳಲ್ಲಿ. ಇವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಿ:

ಅಕ್ಯೂಸ್ಡ್ ಆಫ್ ಥೆಫ್ಟ್: ಕಳ್ಳತನದ ಆರೋಪ ಹೊತ್ತ
ಚಾರ್ಜ್ಡ್ ವಿತ್ ಥೆಫ್ಟ್: ಕಳ್ಳತನದ ದೋಷಾರೋಪ ಹೊರಿಸಲಾದ
ಕನ್ವಿಕ್ಟೆಡ್ ಆಫ್ ಥೆಫ್ಟ್: ಕಳ್ಳತನ ಸಾಬೀತಾದ
ಸೆಂಟೆನ್ಸ್ಡ್ ಟು ಟೂ ಇಯರ್ಸ್: ಎರಡು ವರ್ಷದ ಶಿಕ್ಷೆಗೆ ಒಳಗಾದ

ಗ್ರಾಮರ್‌ನಲ್ಲಿ ಸೆಂಟೆನ್ಸ್ ಎಂದರೆ ವಾಕ್ಯ, ಕೋರ್ಟಿನಲ್ಲಿ ಶಿಕ್ಷೆ. ಗಲ್ಲಿಗೆ ಹಾಕುವ ಅರ್ಥದಲ್ಲಿ ‘ಹ್ಯಾಂಗ್’ ಪದದ ಭೂತಕಾಲ ‘ಹ್ಯಾಂಗ್ಡ್’. ಗೋಡೆಗೆ ಫೋಟೊ ತೂಗುಹಾಕಿದಾಗ ಮಾತ್ರ ‘ಹಂಗ್’.

ಕಳ್ಳತನದಲ್ಲೂ ವ್ಯತ್ಯಾಸ

ಕದ್ದ ವಸ್ತುವಿನ ಬಗ್ಗೆ ಹೇಳುವಾಗ ‘ಸ್ಟೀಲ್’, ಕಳೆದುಕೊಂಡ ವ್ಯಕ್ತಿ ಅಥವಾ ಜಾಗದ ಬಗ್ಗೆ ಹೇಳುವಾಗ ‘ರಾಬ್’. ಹಣವನ್ನು ಸ್ಟೀಲ್ ಮಾಡುತ್ತಾರೆ, ಬ್ಯಾಂಕನ್ನು ರಾಬ್ ಮಾಡುತ್ತಾರೆ. ಕಾನೂನಿನಲ್ಲಿ ಥೆಫ್ಟ್ ಎಂದರೆ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ವಸ್ತು ತೆಗೆದುಕೊಳ್ಳುವುದು. ಅದಕ್ಕಾಗಿ ಹೊಡೆದರೆ, ಅಥವಾ ಈಗಲೇ ಹೊಡೆಯುತ್ತೇನೆ ಎಂದು ಹೆದರಿಸಿದರೆ ಅದು ರಾಬರಿ. ಐದು ಅಥವಾ ಹೆಚ್ಚು ಮಂದಿ ಸೇರಿ ರಾಬರಿ ಮಾಡಿದರೆ ಡಕಾಯಿಟಿ. ಈ ಕೊನೆಯ ಪದ ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದದ್ದು. ‘ಲೂಟ್’ ಕೂಡ ಹಾಗೆಯೇ.

ನಮ್ಮ ಮನೆಯ ಪದಗಳು

ನಮ್ಮ ಮನೆಮಾತು ಉರ್ದು. ಕನ್ನಡದ ಕೋರ್ಟು ಸುದ್ದಿ ಓದುವಾಗ ನನಗೆ ಪರಿಚಿತ ಪದಗಳು ಸಾಲುಸಾಲಾಗಿ ಸಿಗುತ್ತವೆ: ವಕೀಲ, ಕೈದಿ, ಸಜೆ, ಜುಲ್ಮಾನೆ, ಫಿರ್ಯಾದಿ. ಆದರೆ ಎರಡು ಪದಗಳ ವಿಷಯದಲ್ಲಿ ಉರ್ದು ಮಾತಾಡುವವರು ಹುಷಾರಾಗಿರಬೇಕು. ಉರ್ದುವಿನಲ್ಲಿ ಖುಲಾಸಾ ಎಂದರೆ ಸಾರಾಂಶ, ಕನ್ನಡದಲ್ಲಿ ಖುಲಾಸೆ ಎಂದರೆ ಬಿಡುಗಡೆ. ಉರ್ದುವಿನಲ್ಲಿ ದಸ್ತಗೀರಿ ಎಂದರೆ ಕೈಹಿಡಿದು ನೆರವಾಗುವುದು, ಕನ್ನಡದಲ್ಲಿ ದಸ್ತಗಿರಿ ಎಂದರೆ ಅರೆಸ್ಟ್! ಎರಡಕ್ಕೂ ಮೂಲ ಒಂದೇ: ಪರ್ಷಿಯನ್‌ನಲ್ಲಿ ‘ದಸ್ತ್’ ಎಂದರೆ ಕೈ, ‘ಗೀರ್’ ಎಂದರೆ ಹಿಡಿಯುವವನು.

ಬೇಲ್

ಬೇಲ್ ಎಂದರೆ ಜಾಮೀನು. ‘ಬೇಲಬಲ್’ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು. ‘ನಾನ್‌ಬೇಲಬಲ್’ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅದು ಹಕ್ಕಾಗಿ ಸಿಗುವುದಿಲ್ಲ. ಕೊಡುವುದು, ಬಿಡುವುದು ಕೋರ್ಟಿನ ವಿವೇಚನೆ. ಬೇಲ್ ಸಿಕ್ಕಿತು ಎಂದರೆ ಖುಲಾಸೆ ಆಯಿತು ಎಂದೂ ಅಲ್ಲ, ಕೇಸು ಮುಂದುವರಿಯುತ್ತದೆ.

ಶಿಕ್ಷೆಗಳು

1860ರ ಇಂಡಿಯನ್ ಪೀನಲ್ ಕೋಡ್‌ನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಆರು ಬಗೆಯ ಶಿಕ್ಷೆಗಳಿವೆ:

ಡೆತ್: ಮರಣದಂಡನೆ
ಇಂಪ್ರಿಸನ್‌ಮೆಂಟ್ ಫಾರ್ ಲೈಫ್: ಜೀವಾವಧಿ
ಇಂಪ್ರಿಸನ್‌ಮೆಂಟ್: ಸೆರೆವಾಸ. ‘ರಿಗರಸ್’ ಎಂದರೆ ದುಡಿಮೆ ಸಹಿತ ಕಠಿಣ ಸಜೆ, ‘ಸಿಂಪಲ್’ ಎಂದರೆ ಸಾದಾ ಸಜೆ
ಫಾರ್ಫಿಚರ್ ಆಫ್ ಪ್ರಾಪರ್ಟಿ: ಆಸ್ತಿ ಮುಟ್ಟುಗೋಲು
ಫೈನ್: ದಂಡ
ಕಮ್ಯುನಿಟಿ ಸರ್ವಿಸ್: ಸಮುದಾಯ ಸೇವೆ

ಕೊನೆಯದು ಹೊಸದು. 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಈ ಶಿಕ್ಷೆ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಪದ

ಚೆಕ್ ಬೌನ್ಸ್ ಆಗುವುದಕ್ಕೆ ಸರಿಯಾದ ಪದ ‘ಡಿಸ್‌ಆನರ್’. ಸಾಲ ತೀರಿಸಲು ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲದೆ ವಾಪಸಾಗಿ, ನೋಟಿಸ್ ತಲುಪಿದ 15 ದಿನದೊಳಗೂ ಹಣ ಕೊಡದಿದ್ದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಅದು ಅಪರಾಧ. 2 ವರ್ಷದವರೆಗೆ ಸಜೆ, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಮುಂದೆ ಅಂಗಡಿ, ವ್ಯಾಪಾರ ಎಂದು ಹೊರಡುವ ನಾವು ಇದನ್ನು ಮರೆಯಬಾರದು.

ಈಗ ನೀವೇ ಬರೆಯಿರಿ

1. ಹಿ ವಾಸ್ ಚಾರ್ಜ್ಡ್ ______ ಚೀಟಿಂಗ್.
2. ದೇ ______ ದ ಬ್ಯಾಂಕ್. ಸ್ಟೋಲ್ ಅಥವಾ ರಾಬ್ಡ್?
3. ಪೊಲೀಸರು ಒಬ್ಬ ಹುಡುಗನನ್ನು ಹಿಡಿದಿದ್ದಾರೆ. ಅವನ ಫೋಟೊ ‘ಕ್ರಿಮಿನಲ್’ ಎಂಬ ಪದದೊಂದಿಗೆ ನಿಮ್ಮ ಮೊಬೈಲ್‌ಗೆ ಬಂದಿದೆ. ಆ ಪದ ಸರಿಯೇ?

ಉತ್ತರ: 1. ವಿತ್. 2. ರಾಬ್ಡ್. 3. ಸರಿಯಲ್ಲ. ಅವನು ಈಗ ಅಕ್ಯೂಸ್ಡ್ ಮಾತ್ರ. ನಾಳೆ ಕೋರ್ಟು ಅವನನ್ನು ಬಿಡುಗಡೆ ಮಾಡಿದರೂ ನಾವು ಹಂಚಿದ ಫೋಟೊ ವಾಪಸ್ ಬರುವುದಿಲ್ಲ. ಆದ್ದರಿಂದ ಮುಂದಕ್ಕೆ ಕಳಿಸಬೇಡಿ.